ಒಡಲಿಗೆ ಮುಚ್ಚಳ ಕೂರಿಸಿದ್ದು

ಲಿಫ್ಟ್ ರಿಪೇರಿ ಕಂಪನಿಯಲ್ಲಿ ಅವನನ್ನು ಎಲ್ಲರೂ ಸಾವಕಾಶಪ್ಪ ಎಂದೇ ಕರೆಯುತ್ತಿದ್ದರು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಬಾಗಿಲು ಬಡಿಯುವವರಿಗೆ ಅವನು ಹೊರಗಿನಿಂದ ಮೊದಲು ಹೇಳುತ್ತಿದ್ದದ್ದು ಅದೊಂದೇ ಮಾತು: "ಸಾವಕಾಶ, ಸಾವಕಾಶ, ಬಂದಿದೀನಿ." ಆ ದನಿ ಕೇಳಿದರೆ ಒಳಗಿದ್ದವರು ಬಡಿಯುವುದನ್ನು ನಿಲ್ಲಿಸುತ್ತಿದ್ದರು. ಹೀಗೆ ಕಂಡವರನ್ನೆಲ್ಲ ಸಮಾಧಾನ ಮಾಡುತ್ತ, ಲಿಫ್ಟಿನ ಬಾವಿಯಂಥ ಗುಂಡಿಗೆ ಏಣಿ ಇಳಿದು ಹತ್ತುತ್ತ, ಐವತ್ತು ದಾಟುವ ಹೊತ್ತಿಗೆ ಅವನ ಮಂಡಿಗಳೆರಡೂ ಕೈಕೊಟ್ಟಿದ್ದವು.

ಅವನ ಮನೆಯಿದ್ದದ್ದು ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ. ಆ ಕಟ್ಟಡಕ್ಕೇ ಲಿಫ್ಟ್ ಇರಲಿಲ್ಲ. ಅದನ್ನು ಆಡಿ ನಗದ ನೆಂಟರೂ ಇರಲಿಲ್ಲ. ಮನೆಯಲ್ಲಿದ್ದವರು ಇಬ್ಬರೇ, ಅವನು ಮತ್ತು ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ. ಅತ್ತೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಶರ್ಟುಗಳಿಗೆ ಕಾಲರ್ ಕೂರಿಸಿದವರು. ಮಗಳಿಗೆ ಕಾಯಿಲೆ ಎಂದು ಗೊತ್ತಾದಾಗ ಒಂದು ಬ್ಯಾಗು ಹಿಡಿದುಕೊಂಡು ಬಂದರು. ಮಗಳು ಉಳಿಯಲಿಲ್ಲ. ಬ್ಯಾಗು ಮಂಚದ ಕೆಳಗೆ ಹಾಗೇ ಉಳಿಯಿತು, ಅತ್ತೆಯೂ ಉಳಿದರು. ಹೋಗಿ ಎಂದು ಅವನು ಹೇಳಲಿಲ್ಲ, ಹೋಗುತ್ತೇನೆ ಎಂದು ಅವರೂ ಹೇಳಲಿಲ್ಲ. ನಡುವಿನ ಕೊಂಡಿ ಕಳಚಿದ ಮೇಲೆ ಅಳಿಯ ಅತ್ತೆ ಏನು ಮಾತಾಡಬೇಕು ಎಂದು ಯಾರೂ ಇಬ್ಬರಿಗೂ ಹೇಳಿಕೊಟ್ಟಿರಲಿಲ್ಲ. "ಊಟಕ್ಕೆ ಬರ್ತೀರಾ?" "ಬಂದೆ ಅತ್ತೆ." "ಹಾಲು ಮುಗಿದಿದೆ." "ತರ್ತೀನಿ ಅತ್ತೆ." ಇಷ್ಟರಲ್ಲಿ ದಿನ ಕಳೆದುಹೋಗುತ್ತಿತ್ತು. ಮಿಕ್ಕ ಮಾತೆಲ್ಲ ಟೀವಿಯದು.

ಕಟ್ಟಡದ ಹಿಂಬದಿಯ, ಸೂರಿರುವ ಪಾರ್ಕಿಂಗಿನಲ್ಲಿ ಅವನ ಪಾಲಿಗೊಂದು ಕಾರಿನ ಜಾಗವಿತ್ತು. ಕಾರಿರಲಿಲ್ಲ, ಅದರ ಬದಲು ಅರ್ಧಕ್ಕೆ ನಿಂತ ದೋಣಿಯೊಂದಿತ್ತು. ಒಬ್ಬರೇ ಕೂತು ಹುಟ್ಟು ಹಾಕುವ, ಮೇಲೆ ಮುಚ್ಚಿದ, ನಡುವೆ ಕೂರುವುದಕ್ಕೊಂದು ಕಂಡಿ ಬಿಟ್ಟ ಉದ್ದನೆಯ ಕಯಾಕ್. ಹೆಂಡತಿ ಚೆನ್ನಾಗಿದ್ದ ದಿನಗಳಲ್ಲಿ ಒಂದು ಸಂಜೆ ಅವನು ಕಾಲು ಚಾಚಿ ಕೂತು, "ದಿನವೆಲ್ಲ ಮೇಲೆ ಕೆಳಗೆ, ಮೇಲೆ ಕೆಳಗೆ. ಒಂದ್ಸಲ ಸುಮ್ನೆ ಸೀದಾ ಹೋಗ್ಬೇಕು ಅನ್ಸುತ್ತೆ ಕಣೇ" ಎಂದಿದ್ದ. ಅವಳು ನಕ್ಕಳು. ನಕ್ಕವಳೇ, ಊರಾಚೆ ಅಷ್ಟು ದೊಡ್ಡ ಕೆರೆ ಬಿದ್ದಿದೆಯಲ್ಲ, ದೋಣಿಯೊಂದು ಮಾಡಿಕೋ ಎಂದಳು. ಅಲ್ಲಿಂದ ಶುರುವಾಯಿತು. ತೆಳು ಪ್ಲೈವುಡ್ಡನ್ನು ಉದ್ದುದ್ದ ಸೀಳಿ, ಅಂಚಿನಲ್ಲಿ ತೂತು ಕೊರೆದು, ತಾಮ್ರದ ತಂತಿಯಿಂದ ಬಟ್ಟೆ ಹೊಲಿದಂತೆ ಹೊಲಿದು, ಹೊಲಿಗೆಯ ಮೇಲೆ ರಾಳ ಸುರಿದು ಗಟ್ಟಿ ಮಾಡುವ ಬಗೆ ಅದು. ತಂತಿ ತಿರುಚುವ ಕೆಲಸ ಅವಳದು. ದೋಣಿಯ ಕೆಳಗಿನ ಒಡಲು ಒಂದಾಯಿತು, ಮೇಲಿನ ಹೊದಿಕೆ ಬೇರೆಯಾಗಿ ತಯಾರಾಯಿತು. ಎರಡನ್ನೂ ಜೋಡಿಸುವುದೊಂದೇ ಬಾಕಿ ಎನ್ನುವಾಗ ಆಸ್ಪತ್ರೆಯ ಓಡಾಟ ಹತ್ತಿಕೊಂಡಿತು.

ಆಮೇಲೆ ಅವನು ಆ ಕಡೆ ತಲೆ ಹಾಕಲಿಲ್ಲ. ಒಡಲು ಅಂಗಾತ ಬಿದ್ದಿತ್ತು, ಹೊದಿಕೆ ಗೋಡೆಗೆ ಒರಗಿತ್ತು. ಜಾಗ ಸುಮ್ಮನೆ ಹಾಳಾಗುತ್ತಿದೆಯೆಂದು ಅತ್ತೆ ಒಡಲಿನೊಳಗೆ ಈರುಳ್ಳಿ ಹರವಿದರು. ಗಾಳಿಯಾಡುವ ಜಾಗ, ಈರುಳ್ಳಿ ಕೆಡುತ್ತಿರಲಿಲ್ಲ.

ಕಟ್ಟಡದ ಕಾರ್ಯದರ್ಶಿ ಒಳ್ಳೆಯ ಮನುಷ್ಯನೇ, ಆದರೆ ನೆಲದ ಮೇಲೆ ಏನಾದರೂ ಬಿದ್ದಿದ್ದರೆ ಅವರಿಗೆ ಕಣ್ಣು ಕುಕ್ಕುತ್ತಿತ್ತು. ಒಂದು ದಿನ ದಾರಿಯಲ್ಲೇ ಹಿಡಿದು ನಿಲ್ಲಿಸಿದರು.

"ಸಾವಕಾಶಪ್ಪ, ಎಷ್ಟು ಸಾವಕಾಶ ಅಂತ ಒಂದು ಮಿತಿ ಬೇಡ್ವೇನ್ರೀ? ನೆಲ ಖಾಲಿ ಮಾಡಿಕೊಡಿ. ಸುಣ್ಣ ಬಣ್ಣ ಮಾಡ್ಸೋದಿದೆ."

"ಚಾವಣಿಗೆ ನೇತು ಹಾಕಿದ್ರೆ ನಡಿಯುತ್ತಾ?"

"ನೆಲದ ಮೇಲೆ ಇಲ್ಲ ಅಂದ್ರೆ ನನ್ನ ತಕರಾರೂ ಇಲ್ಲ."

ಹೇಳಿದ್ದು ಸುಲಭ. ಒಡಲು ಬೇರೆ ಹೊದಿಕೆ ಬೇರೆ ಇರುವತನಕ ಎರಡೂ ತೆಳು ಹಲಗೆಗಳು. ನೇತು ಹಾಕಿದರೆ ವಾರದಲ್ಲಿ ಸೊಟ್ಟಗಾಗುತ್ತವೆ. ಒಂದು ಮಾಡಿದರೆ ಮಾತ್ರ ಬಿಗಿ. ಒಂದು ಮಾಡುವಷ್ಟು ತ್ರಾಣ ತನ್ನಲ್ಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ಗರಗಸ ತೆಗೆದುಕೊಂಡು ಹೊರಟ. ತುಂಡು ಮಾಡಿ ಗುಜರಿಗೆ ಹಾಕಿದರೆ ಒಂದು ತಲೆನೋವು ಕಳೆಯಿತು.

ಅತ್ತೆ ಬುಟ್ಟಿ ಹಿಡಿದು ಹಿಂದೆಯೇ ಬಂದರು. ಈರುಳ್ಳಿ ಬಾಚಿಕೊಂಡರು. ಸಿಪ್ಪೆಯನ್ನೆಲ್ಲ ಗುಡಿಸಿ ತೆಗೆದರು. ಆಮೇಲೆ ಸೆರಗಿನ ತುದಿಯಿಂದ ಒಡಲಿನ ಒಳಮೈ ಒರೆಸತೊಡಗಿದರು.

"ಅತ್ತೆ, ಕೊಯ್ದು ಹಾಕೋದಕ್ಕೆ ಯಾಕೆ ಒರೆಸ್ತೀರಿ?"

"ಕೊಯ್ತೀರಾ?"

"ಹ್ಞೂಂ."

ಅತ್ತೆ ಸ್ವಲ್ಪ ಹೊತ್ತು ಒರೆಸಿದರು. ಆಮೇಲೆ ಕೇಳಿದರು: "ಈ ಪಾತ್ರೆಗೆ ಈ ಮುಚ್ಚಳ ಕೂರಿಸೋದು ಹೇಗೆ?"

ಅವನು ಗರಗಸ ಕೆಳಗಿಟ್ಟ. ಹೇಳಿದರೆ ಅವರ ಉತ್ಸಾಹವೂ ಬತ್ತುತ್ತದೆ, ಸುಮ್ಮನಾಗುತ್ತಾರೆ ಎಂದುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೊದಿಕೆಯನ್ನು ಒಡಲಿನ ಮೇಲಿಟ್ಟು ಸುತ್ತಲೂ ಬಿಗಿಯಬೇಕು. ದೋಣಿಯನ್ನು ಮಗ್ಗುಲಾಗಿ ಮಲಗಿಸಬೇಕು. ಅಂಚು ಅಂಚು ಸೇರುವಲ್ಲಿ ಒಳಗಿನಿಂದ ಗಾಜಿನ ನಾರಿನ ಪಟ್ಟಿಯನ್ನು ರಾಳದಲ್ಲಿ ತೋಯಿಸಿ ಮೂತಿಯಿಂದ ಬಾಲದವರೆಗೆ ಅಂಟಿಸಬೇಕು. ಆ ಮಗ್ಗುಲು ಗಟ್ಟಿಯಾದ ಮೇಲೆ ಹೊರಳಿಸಿ ಇನ್ನೊಂದು ಮಗ್ಗುಲು. ಒಳಗೆ ಹೋಗಲು ದಾರಿ ಎಂದರೆ ನಡುವಿನ ಕಂಡಿಯೊಂದೇ. ಕುಂಚವನ್ನು ಕೋಲಿಗೆ ಕಟ್ಟಿ ಕೈ ಚಾಚಬೇಕು. "ನನ್ನ ಭುಜ ಆ ಕಂಡೀಲಿ ತೂರಲ್ಲ. ಅವಳು ಮಾಡ್ತೀನಿ ಅಂದಿದ್ಲು."

"ಕಾಲರ್ ಕೂರಿಸೋದೂ ಹೀಗೇ" ಎಂದರು ಅತ್ತೆ. "ಒಳಗಿಂದ ಮಾಡ್ಬೇಕು, ಹೊರಗೆ ಕಾಣ್ಬೇಕು." ತಮ್ಮ ತೋಳು ಚಾಚಿ ನೋಡಿಕೊಂಡರು. ಉದ್ದನೆಯ, ಬತ್ತಿಹೋದ, ಸೌದೆಯಂಥ ತೋಳು. "ತಗೊಂಡು ಬನ್ನಿ ಏನೇನು ಬೇಕೋ."

ಬೇಡ ಎನ್ನಲು ಎರಡು ಮಾತು ಹೆಚ್ಚು ಆಡಬೇಕಿತ್ತು. ಅಷ್ಟು ಆಡುವುದಕ್ಕಿಂತ ಸಾಮಾನು ತರುವುದೇ ವಾಸಿ ಎನಿಸಿ ಅವನು ಒಳಗೆ ಹೋದ.

ಹೊದಿಕೆ ಮೊದಲಿನಂತಿರಲಿಲ್ಲ. ಇಷ್ಟು ದಿನ ಗೋಡೆಗೊರಗಿ ಒಂದು ಕಡೆ ಎದ್ದುಕೊಂಡಿತ್ತು. ಮೂತಿಯಲ್ಲಿ ಕೂರಿಸಿದರೆ ಬಾಲದಲ್ಲಿ ಏಳುತ್ತಿತ್ತು, ಬಾಲದಲ್ಲಿ ಒತ್ತಿದರೆ ನಡುವೆ ಬಾಯಿ ಬಿಡುತ್ತಿತ್ತು. ಅವನು ಬೆಲ್ಟು ಹಾಕಿ ಬಿಗಿದ, ಅಗಲದ ಅಂಟುಪಟ್ಟಿ ಎಳೆದೆಳೆದು ಹಚ್ಚಿದ. ಅತ್ತೆ ಹಳೇ ಸೀರೆ ಹರಿದು ಪಟ್ಟಿ ಮಾಡಿ, ದೋಣಿಯ ಸುತ್ತ ಕಟ್ಟಿ, ಗಂಟಿನೊಳಗೆ ಸೌಟು ತೂರಿಸಿ ತಿರುವಿದರು. ತಿರುವಿದಷ್ಟೂ ಬಿಗಿ. ಮನೆಯ ಸೌಟು, ಲಟ್ಟಣಿಗೆ, ಬಟ್ಟೆ ಒಗೆಯುವ ಬ್ರಷ್ಷು ಎಲ್ಲ ದೋಣಿ ಏರಿದವು. ಮಧ್ಯಾಹ್ನದ ಹೊತ್ತಿಗೆ ಅಂಚಿಗೆ ಅಂಚು ಸೇರಿತು. ಅಷ್ಟರಲ್ಲಿ ಇಬ್ಬರಿಗೂ ಸೊಂಟ ಹಿಡಿದುಹೋಗಿತ್ತು. ಅನ್ನಕ್ಕಿಡುವ ಮನಸ್ಸಾಗದೆ ಬ್ರೆಡ್ಡು ಬಾಳೆಹಣ್ಣು ತಿಂದರು.

ರಾಳ ಕಲಸುವಾಗ ಅವನು ಎಡವಿದ. ಬೇಗ ಮುಗಿಯಲಿ ಎಂದು ಒಂದೇ ಸಲಕ್ಕೆ ಡಬ್ಬಿ ತುಂಬ ಕಲಸಿದ. ರಾಳಕ್ಕೆ ಗಟ್ಟಿ ಮಾಡುವ ದ್ರವ ಬೆರೆಸಿದ ಮೇಲೆ ಅದು ರಾಶಿಯಲ್ಲಿದ್ದರೆ ತನ್ನಷ್ಟಕ್ಕೆ ಕಾವೇರುತ್ತದೆ, ತಿಳಿದಿದ್ದೂ ಮರೆತಿದ್ದ. ಪಟ್ಟಿ ಕತ್ತರಿಸಿ ತಿರುಗುವಷ್ಟರಲ್ಲಿ ಡಬ್ಬಿ ಹೊಗೆಯಾಡುತ್ತಿತ್ತು.

"ಉಕ್ಕುತ್ತಾ ಇದೆ ನೋಡಿ!" ಎಂದರು ಅತ್ತೆ.

ಹೊರಗೆ ಒಯ್ದು ಮಣ್ಣಿನ ಮೇಲಿಟ್ಟ. ಅಲ್ಲೇ ಕುಕ್ಕರಗಾಲಲ್ಲಿ ಕೂತ. ಎಲ್ಲ ಬಿಟ್ಟು ಎದ್ದುಹೋಗಬೇಕು ಎನಿಸಿತು. ಏಳುವುದಕ್ಕೆ ಮಂಡಿ ಒಪ್ಪಲಿಲ್ಲ, ಅಷ್ಟರಲ್ಲಿ ಅತ್ತೆ ಅಗಲದ ತಟ್ಟೆಯೊಂದನ್ನು ತಂದು ಮುಂದಿಟ್ಟರು. "ಸ್ವಲ್ಪ ಸ್ವಲ್ಪ ಕಲಸಿ. ಇದ್ರಲ್ಲಿ ಹರಡಿ."

ಎರಡನೆಯ ಸಲ ಸರಿಹೋಯಿತು. ಅತ್ತೆ ಮೂಗಿಗೆ ಮುಸುಕು, ಕೈಗೆ ಗವುಸು ಹಾಕಿಕೊಂಡರು. ಚಾಪೆಯ ಮೇಲೆ ಬೋರಲಾಗಿ, ತಲೆ ಭುಜಗಳನ್ನು ಕಂಡಿಯೊಳಗೆ ತೂರಿಸಿ, ಕೋಲಿನ ಕುಂಚದಿಂದ ಪಟ್ಟಿಯನ್ನು ಒತ್ತುತ್ತ ಹೋದರು. ಅವನು ಹೊರಗಿನಿಂದ ಟಾರ್ಚ್ ಬಿಟ್ಟ. ಪಟ್ಟಿ ಮೂತಿಯ ಕಡೆಗೆ ಅರ್ಧ ಹೋಗಿತ್ತು, ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಕಣ್ಣಿನ ಆಸ್ಪತ್ರೆಯ ಲಿಫ್ಟ್ ನಿಂತುಹೋಗಿತ್ತು. ಒಳಗೆ ಒಬ್ಬ ನರ್ಸು, ಕಣ್ಣಿಗೆ ಪಟ್ಟಿ ಕಟ್ಟಿದ ಇಬ್ಬರು ರೋಗಿಗಳು. ಆ ಭಾನುವಾರದ ಪಾಳಿಯವನಿಗೆ ಜ್ವರ.

"ಅತ್ತೆ, ಹೊರಗೆ ಬನ್ನಿ. ನಾನು ಹೋಗ್ಲೇಬೇಕು. ಹಾಳಾದ್ರೆ ಹಾಳಾಗ್ಲಿ, ಬಿಟ್ಬಿಡಿ."

ಅತ್ತೆ ಹೊರಗೆ ಬಂದು, ಬೆವರು ಒರೆಸಿಕೊಂಡು, "ಹೋಗಿ ಬನ್ನಿ" ಎಂದರು. ಅಷ್ಟೇ ಅಂದರು.

ಆಸ್ಪತ್ರೆಯಲ್ಲಿ ಅವನು ಬಾಗಿಲಿಗೆ ಬಾಯಿಟ್ಟು ಸಾವಕಾಶ ಎಂದ. ಕೈಯಿಂದ ಚಕ್ರ ತಿರುಗಿಸಿ ಪೆಟ್ಟಿಗೆಯನ್ನು ಮಹಡಿಗೆ ಸಮ ತಂದು ಬಾಗಿಲು ತೆರೆದ. ಕಣ್ಣು ಕಟ್ಟಿದ್ದ ಮುದುಕರೊಬ್ಬರು ಅವನ ಕೈ ತಡವಿ ಹಿಡಿದು, "ಯಾವ ಮಹಡಿ ಇದು?" ಎಂದು ಕೇಳಿದರು. ಹೇಳಿದ. ಆಮೇಲೆ ಲಿಫ್ಟಿನ ಬ್ರೇಕು ಬಿಚ್ಚಿ ಕೂತವನಿಗೆ ಸಂಜೆಯವರೆಗೂ ಏಳಲಾಗಲಿಲ್ಲ. ಬಸ್ಸಿನಲ್ಲಿ ಕೂತು ಬರುವಾಗ ಅವನಿಗೆ ದೋಣಿಯ ನೆನಪಾಗಿ ಒಂದು ಬಗೆಯ ನಿರಾಳವೂ ಆಯಿತು. ಅರ್ಧ ಪಟ್ಟಿ ಗಂಟುಗಟ್ಟಿ ಹೋಗಿರುತ್ತದೆ. ಇನ್ನು ಕೊಯ್ಯಲು ಯಾರ ಅಡ್ಡಿಯೂ ಇಲ್ಲ.

ಪಾರ್ಕಿಂಗಿನ ದೀಪ ಹೊತ್ತಿತ್ತು. ದೋಣಿ ಮಗ್ಗುಲಾಗಿ ಮಲಗಿತ್ತು. ಕಂಡಿಯಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು. ಅಲುಗುತ್ತಿರಲಿಲ್ಲ.

ಊರಿನವರಿಗೆಲ್ಲ ಸಾವಕಾಶ ಹೇಳಿದವನಿಗೆ ಆಗ ಬಾಯೇ ಬರಲಿಲ್ಲ. ಓಡಿಬಂದು ಕಾಲು ಹಿಡಿದು ಎಳೆದ.

"ಎಳೀಬೇಡಿ! ಎಳೀಬೇಡ್ರೀ, ಕೂದ್ಲು!" ಎಂದು ಒಡಲಿನೊಳಗಿಂದ ಗಡಿಗೆಯೊಳಗಿನ ದನಿಯಂಥ ದನಿ ಬಂತು.

ಅವನು ಅಲ್ಲೇ ನೆಲಕ್ಕೆ ಕುಸಿದ. ಟಾರ್ಚ್ ಬಿಟ್ಟು ಇಣುಕಿ ನೋಡಿದರೆ, ಪಟ್ಟಿ ಮೂತಿಯಿಂದ ಬಾಲದವರೆಗೂ ಒಂದು ಗುಳ್ಳೆಯಿಲ್ಲದೆ ಅಂಟಿತ್ತು. ಅದರ ಜೊತೆಗೆ ಅತ್ತೆಯ ಬಿಳಿ ಜಡೆಯ ಅರ್ಧವೂ ಅಂಟಿತ್ತು.

"ತಟ್ಟೆ ತುಂಬ ಕಲಸಿಟ್ಟು ಹೋದ್ರೆ ಹೇಗ್ರೀ ಬಿಡೋದು" ಎಂದರು ಅತ್ತೆ ಒಳಗಿಂದಲೇ. "ಮುಗಿಸ್ದೆ. ಮುಗಿಸಿ ಸ್ವಲ್ಪ ಹಾಗೇ ತಲೆ ಇಟ್ಟೆ. ನಿದ್ದೆ ಬಂದ್ಬಿಡ್ತು. ಎದ್ದು ನೋಡಿದ್ರೆ ಹಿಡ್ಕೊಂಡಿದೆ. ಕೂಗಿದೆ, ಯಾರಿಗೂ ಕೇಳಿಸ್ಲಿಲ್ಲ. ಕೂಗೋದೂ ಸಾಕಾಯ್ತು."

"ಕತ್ತರಿಸ್ಬೇಕಾಗುತ್ತೆ ಅತ್ತೆ."

"ಕತ್ತರಿಸಿ ಮತ್ತೆ. ದೋಣಿ ಕತ್ತರಿಸೋಕೆ ಹೊರಟೋರಿಗೆ ಜಡೆ ಯಾವ ಲೆಕ್ಕ."

ಅವನು ಕತ್ತರಿ ತಂದ. ಭುಜ ಕಂಡಿಯಲ್ಲಿ ಹಿಡಿಯದು. ಒಂದೇ ಕೈ ತೂರಿಸಿ, ತಡವಿ ತಡವಿ ಎಳೆ ಎಳೆಯಾಗಿ ಕತ್ತರಿಸಬೇಕಿತ್ತು. ಅತ್ತೆಯ ಮುಖ ಅವನಿಗೆ ಕಾಣುತ್ತಿರಲಿಲ್ಲ, ಅವನದು ಅವರಿಗೆ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ಒಳಗಿಂದ ಹೇಳಿದರು:

"ದೊಡ್ಡವನು ಕರೀತಾ ಇದಾನೆ." ದೊಡ್ಡವನೆಂದರೆ ಅವರ ಮಗ, ಬೇರೆ ಊರಿನಲ್ಲಿದ್ದ.

"ಯಾವಾಗಿಂದ?"

"ಅವಳು ಹೋದಾಗಿಂದ."

ಕತ್ತರಿ ನಿಂತಿತು. "ನಂಗೆ ಹೇಳ್ಲೇ ಇಲ್ಲ ನೀವು."

"ಹೇಳಿದ್ರೆ ಹೋಗಿ ಅಂತಿದ್ರಿ. ಒಬ್ಬರೇ ಆಗ್ತೀರ. ಸರಿಯಾಗಿ ಉಣ್ಣಲ್ಲ, ಏನಿಲ್ಲ. ಅವಳಿಗೆ ನಾನು ಏನಂತ ಹೇಳ್ಲಿ ಅಂತ."

ಅವನು ಇನ್ನೊಂದು ಎಳೆ ಕತ್ತರಿಸಿದ. ಆಮೇಲೆ, "ಕಂಪನಿಯವರು ಆಫೀಸಿನ ಮೇಲೇ ರೂಮು ಕೊಡ್ತೀವಿ ಅಂದಿದ್ರು. ಓಡಾಟ ತಪ್ಪುತ್ತಿತ್ತು. ಅತ್ತೆಗೆ ಇನ್ಯಾರಿದಾರೆ, ಎಲ್ಲಿಗೆ ಹೋಗ್ತಾರೆ ಅಂತ ಬೇಡ ಅಂದೆ" ಎಂದ.

ದೋಣಿಯ ಒಡಲು ನಡುಗತೊಡಗಿತು. ಅಳುತ್ತಿದ್ದಾರೆಂದು ಅವನು ಹೆದರಿದ. ನಗುತ್ತಿದ್ದರು.

"ಅಲ್ಲ ಕಣೋ, ಒಬ್ಬರಿಗೊಬ್ಬರು ಉಪಕಾರ ಮಾಡೋಕೆ ಹೋಗಿ ಇಬ್ಬರೂ ಸತ್ತು ಸುಣ್ಣ ಆಗಿದೀವಲ್ಲೋ."

ನೀವು ಎನ್ನುತ್ತಿದ್ದವರು ಕಣೋ ಎಂದದ್ದು ಅವನ ಗಮನಕ್ಕೆ ಬಂತು. ಸರಿಮಾಡಿಕೊಳ್ಳಲಿ ಎಂದು ಕಾದ. ಅವರು ಸರಿಮಾಡಿಕೊಳ್ಳಲಿಲ್ಲ.

"ಹಾಗಾದ್ರೆ ಹೋಗ್ತೀರಾ?" ಎಂದು ಕೇಳಿದ.

"ಮೊದ್ಲು ಹೊರಗೆ ಬರ್ಬೇಕಲ್ಲ."

ಕೊನೆಯ ಎಳೆ ಕತ್ತರಿಸಿದ ಮೇಲೆ ಅತ್ತೆ ಹಿಂದೆ ಹಿಂದೆ ಸರಿದು ಹೊರಬಂದರು. ಒಂದು ಕಡೆ ಕೂದಲು ಕಿವಿಯವರೆಗೆ, ಇನ್ನೊಂದು ಕಡೆ ಹೆಗಲವರೆಗೆ. ಕೆನ್ನೆಯ ಮೇಲೆ ಪ್ಲೈವುಡ್ಡಿನ ಗೆರೆ ಮೂಡಿತ್ತು. ಅವನು ಕೈ ಕೊಟ್ಟು ಎಬ್ಬಿಸಿದ, ಅವರನ್ನು ಹಿಡಿದುಕೊಂಡು ತಾನೂ ಎದ್ದ. ಯಾರು ಯಾರನ್ನು ಎಬ್ಬಿಸಿದರೋ. ಆ ರಾತ್ರಿಯೂ ಅಡುಗೆಯಾಗಲಿಲ್ಲ.

ಕಾರ್ಯದರ್ಶಿ ಬಂದು ನೋಡಿ, ಸೌಟು ಲಟ್ಟಣಿಗೆ ಕಟ್ಟಿದ ದೋಣಿಯ ಸುತ್ತ ಒಂದು ಸುತ್ತು ಬಂದು, ಬಣ್ಣದವರಿಗೆ ಮುಂದಿನ ತಿಂಗಳು ಬರಲು ಹೇಳಿದರು. ಮುಂದಿನ ಭಾನುವಾರ ದೋಣಿಯನ್ನು ಹೊರಳಿಸಿ ಇನ್ನೊಂದು ಮಗ್ಗುಲು ಮಾಡಿದರು. ಈ ಸಲ ಅತ್ತೆಯ ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿ, ಕೂದಲೆಲ್ಲ ಒಳಗೆ ತುರುಕಿ, ಅವನೇ ಎರಡೆರಡು ಸಲ ನೋಡಿದ. ಬಾಲದ ಕಡೆಗೆ ಬರುವಷ್ಟರಲ್ಲಿ ಅತ್ತೆಯ ತೋಳು ನಡುಗತೊಡಗಿತು. "ಸಾಕು ಬನ್ನಿ" ಎಂದು ಹೊರಗೆ ಕರೆದು, ಕೊನೆಯ ತುಂಡನ್ನು ಅವನೇ ಕೋಲು ಚಾಚಿ ಹೇಗೋ ಅಂಟಿಸಿದ. ಒಂದು ಕಡೆ ಸುಕ್ಕಾಯಿತು. ಆದದ್ದಾಯಿತು ಎಂದು ಬಿಟ್ಟ.

ಅದಾದ ಮೇಲೆ ಅತ್ತೆ ಮಂಚದ ಕೆಳಗಿನ ಬ್ಯಾಗು ಎಳೆದು ದೂಳು ಕೊಡವಿದರು. "ಹೋಗಿ ನೋಡ್ಕೊಂಡು ಬರ್ತೀನಿ. ಅವನೂ ಮಗನೇ ಅಲ್ವಾ" ಎಂದರು. ಅವನೇ ಬಸ್ಸಿಗೆ ಹತ್ತಿಸಿ ಬಂದ. ಬಂದು ಬಾಗಿಲು ತೆಗೆದರೆ ಮನೆ ಮೊದಲಿನಷ್ಟೇ ಸದ್ದಿಲ್ಲದೆ ಇತ್ತು, ಆದರೆ ಆ ಸದ್ದಿಲ್ಲದಿರುವುದು ಬೇರೆಯದು. ಸಂಜೆ ಹೊತ್ತು ಹೊರಗಿನ ಅಂಚು ಉಜ್ಜಿ, ಪಟ್ಟಿ ಹಚ್ಚಿ, ಮತ್ತೆ ಉಜ್ಜಿ ಕಾಲ ಕಳೆದ. ಉಜ್ಜುವುದು ಬೇಸರದ ಕೆಲಸ. ಕೈ ಜೋಮು ಹಿಡಿಯುತ್ತಿತ್ತು, ಮೂಗಿನ ತುಂಬ ದೂಳು. ಹಾಲು ಮುಗಿದಿದೆ ಎಂದು ಹೇಳುವವರಿಲ್ಲದೆ ಎರಡು ದಿನ ಬರೀ ಕಪ್ಪು ಚಹಾ ಕುಡಿದ. ಫೋನಿನಲ್ಲಿ ಅತ್ತೆ "ಉಂಡ್ಯಾ?" ಎಂದು ಕೇಳುತ್ತಿದ್ದರು. ಉಂಡೆ ಎನ್ನುತ್ತಿದ್ದ. ಇಬ್ಬರಿಗೂ ಅದು ಸುಳ್ಳೆಂದು ಗೊತ್ತು.

ತಿಂಗಳು ತುಂಬುವ ಮೊದಲೇ ಒಂದು ಮಧ್ಯಾಹ್ನ ಅತ್ತೆ ಹೇಳದೆ ಕೇಳದೆ ಬಂದಿಳಿದರು. ಕೂದಲನ್ನು ಎರಡೂ ಕಡೆ ಸಮ ಮಾಡಿಸಿ ಗಿಡ್ಡ ಕತ್ತರಿಸಿಕೊಂಡಿದ್ದರು. "ಸೊಸೆ ಒಳ್ಳೇವಳು. ಮೊಮ್ಮಕ್ಕಳು ಒಳ್ಳೇವು. ಮೂರನೇ ಮಹಡಿ. ನನ್ನ ಕೈಲಿ ಹತ್ತೋಕಾಗಲ್ಲಪ್ಪ" ಎಂದರು. ಆ ಕಟ್ಟಡದಲ್ಲಿ ಲಿಫ್ಟ್ ಇತ್ತು. ಅದರ ರಿಪೇರಿ ಅವನ ಕಂಪನಿಯದೇ. ಅವನಿಗೆ ಗೊತ್ತಿತ್ತು, ಆದರೆ ಕೇಳಲಿಲ್ಲ. ಬ್ಯಾಗು ತೆಗೆದುಕೊಂಡು ಒಳಗಿಟ್ಟ.

ಚಾವಣಿಗೆ ರಾಟೆ ಹಾಕಿ ನೇತು ಹಾಕುವ ಮೊದಲು ಒಂದು ಸಲ ನೀರು ಕಾಣಿಸಬೇಕಲ್ಲ. ಕಂಪನಿಯ ಸಾಮಾನು ಸಾಗಿಸುವ ವ್ಯಾನಿನವನು ರಜೆಯ ಬೆಳಿಗ್ಗೆ ಬಂದು ದೋಣಿಯನ್ನು ಕೆರೆಯ ಮೆಟ್ಟಿಲ ಹತ್ತಿರ ಇಳಿಸಿಕೊಟ್ಟ. ಸಾವಕಾಶಪ್ಪ ಕಂಡಿಯೊಳಗೆ ಕಾಲಿಳಿಸಿದ. ಮಂಡಿ ಮಡಚಲು ಒಲ್ಲೆ ಎಂದಿತು. ಅತ್ತೆ ಒಂದು ಕಡೆ, ವ್ಯಾನಿನವನು ಒಂದು ಕಡೆ ಹಿಡಿದು, ಚೀಲ ತುಂಬಿದಂತೆ ಅವನನ್ನು ಒಳಗೆ ತುಂಬಿದರು. ದೋಣಿ ಹೊಯ್ದಾಡಿತು, ಆಮೇಲೆ ನಿಂತಿತು.

ಅವನು ಹುಟ್ಟು ಹಾಕಿದ. ಸೀದಾ ಹೋಯಿತು. ಬಹಳ ದೂರ ಹೋಗಲಿಲ್ಲ, ಹೆಗಲು ಸೋತುಬಂತು. ನಡುನೀರಿಗೆ ಬರುವ ಮೊದಲೇ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತ. ಅವಳಿದ್ದಿದ್ದರೆ ಏನನ್ನುತ್ತಿದ್ದಳು ಎಂದು ಯೋಚಿಸಲು ನೋಡಿದ. ಏನೂ ಹೊಳೆಯಲಿಲ್ಲ. ಅವಳ ದನಿಯ ಬದಲು ನೀರು ಪ್ಲೈವುಡ್ಡಿಗೆ ತಟ್ಟುವ ಸದ್ದಷ್ಟೇ ಕೇಳಿತು. ಅದಕ್ಕೆ ದುಃಖವಾಗಬೇಕಿತ್ತು, ಆದದ್ದು ಬರೀ ಆಯಾಸ, ಬಹಳ ದಿನಗಳಿಂದ ನಿಂತೇ ಇದ್ದವನು ಕೂತಾಗ ಆಗುವಂಥದು. ಪೃಷ್ಠದ ಕೆಳಗೆ ತಣ್ಣಗಾಯಿತು. ನೋಡಿದರೆ ಬಾಲದ ಕಡೆಯಿಂದ ನೀರು ಜಿನುಗಿ ಬರುತ್ತಿತ್ತು. ತಿರುಗಿಸಿಕೊಂಡು ಬಂದ.

ಮೂವರೂ ಸೇರಿ ಎತ್ತಿ ಬೋರಲು ಹಾಕಿದರು. ಅತ್ತೆ ಬಾಲದ ಅಂಚಿನ ಮೇಲೆ ಬೆರಳಾಡಿಸಿ ಸುಕ್ಕು ಹುಡುಕಿದರು.

"ಇಲ್ಲಿ. ಇದೊಂಚೂರು ಬಿಚ್ಚಿ ಮತ್ತೆ ಅಂಟಿಸಿದ್ರೆ ಆಯ್ತು."

"ಮುಂದಿನ ವಾರ ನೋಡೋಣ ಅತ್ತೆ."

"ಮುಂದಿನ ವಾರ ಬೇಡ, ನನ್ನ ಸೊಂಟ ಸರಿಹೋಗ್ಲಿ."

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಅವನ ಪ್ಯಾಂಟಿನಿಂದ ನೀರು ಇಳಿದು ಕಲ್ಲು ಒದ್ದೆಯಾಯಿತು.

"ಹೇಗಿತ್ತು ಅಲ್ಲಿ?" ಎಂದು ಅತ್ತೆ ಕೇಳಿದರು.

"ಸದ್ದಿರ್ಲಿಲ್ಲ." ಪ್ಯಾಂಟಿನ ತುದಿ ಹಿಂಡುತ್ತ, "ಬೆನ್ನು ಮಾತ್ರ ಹಿಡ್ಕೊಂಡ್ತು" ಎಂದ.

"ಬೆನ್ನಿಗೊಂದು ದಿಂಬು ಹೊಲಿದು ಕೊಡ್ತೀನಿ ಬಿಡು."

ವ್ಯಾನಿನವನು ದೂರದಿಂದ, "ಹೊರಡೋಣ್ವಾ ಅಣ್ಣ?" ಎಂದು ಕೂಗಿದ. ಸಾವಕಾಶಪ್ಪ ಕೈಯೆತ್ತಿ ಸ್ವಲ್ಪ ತಾಳು ಎಂದು ಸನ್ನೆ ಮಾಡಿದ. ಅತ್ತೆ ಕಾಲು ನೀಡಿ, ಮೆಟ್ಟಿಲ ಬದಿಯ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಬಿಸಿಲು ಇನ್ನೂ ಸುಡುವಷ್ಟಾಗಿರಲಿಲ್ಲ. ಏಳುವ ಗೋಜಿಗೆ ಇಬ್ಬರೂ ಹೋಗಲಿಲ್ಲ.